ನೀರು ಕಟ್ಟಿದ ಮಧ್ಯಾಹ್ನ

ಬೆಲೆ ಮೊದಲು ಹೇಳಿಬಿಡುವುದು ನನ್ನ ಪದ್ಧತಿ. ಒಂದು ಮಾತಿಗೆ ಎರಡು ಅರ್ಥ ಇದ್ದದ್ದಕ್ಕೆ ನಾವು ತೆತ್ತಿದ್ದು ವೀಣಾಳನ್ನು. ಅವಳ ಜೊತೆಗೆ ಇನ್ನೂ ಒಂದನ್ನು ತೆತ್ತೆವು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅದು ತೊಂಬತ್ತರ ದಶಕ. ಹೊಳೆನರಸೀಪುರದ ಪಕ್ಕದ ನಮ್ಮೂರಲ್ಲಿ ಆಗ ಹೆಣ್ಣುಮಕ್ಕಳೂ ಮನೆಯೊಳಗೆ ಕೂರುತ್ತಿರಲಿಲ್ಲ. ಜಡಿಮಳೆ ಹಿಡಿದರೆ ಗೋಣಿಚೀಲದ ಕೊಪ್ಪೆ ಹೊದ್ದು ಕೆಸರಲ್ಲಿ ಜಾರುತ್ತಿದ್ದೆವು. ಸಂಕ್ರಾಂತಿ ಹೊತ್ತಿಗೆ ರಾಗಿ ಕಣದಲ್ಲಿ ಹುಲ್ಲಿನ ಮೆದೆ ಹತ್ತಿ ಧುಮುಕುವುದು. ಮೈಯೆಲ್ಲ ನವೆ, ಕೈಯಲ್ಲಿ ಅವರೆಕಾಯಿಯ ಸೊಗಡು. ಬೇಸಿಗೆ ಬಂದರೆ ಕಾಲುವೆ. ದೊಡ್ಡ ನಾಲೆಯಿಂದ ನಮ್ಮ ಗದ್ದೆಗಳ ಕಡೆ ಬರುವ ಸಣ್ಣ ಕಾಲುವೆ ಅದು. ನೀರಿನ ಸರದಿ ಇಲ್ಲದ ದಿನಗಳಲ್ಲಿ ಒಣಗಿ, ತಳದ ಗೋಡುಮಣ್ಣು ಗಟ್ಟಿಯಾಗಿ, ಓಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ರಸ್ತೆಯ ಅಡಿಯಲ್ಲಿ ಕಾಲುವೆ ಸಿಮೆಂಟಿನ ಪೈಪಿನೊಳಗೆ ಹಾಯುತ್ತಿತ್ತು. ಅದಕ್ಕೆ ಮೋರಿ ಅನ್ನುತ್ತಿದ್ದೆವು. ಓಡಿ ಸುಸ್ತಾದರೆ ಅದರೊಳಕ್ಕೆ ತೆವಳಿ, ತಣ್ಣನೆಯ ಸಿಮೆಂಟಿಗೆ ಬೆನ್ನು ಕೊಟ್ಟು ಮಲಗುತ್ತಿದ್ದೆವು.

ವೀಣಾ ನಮ್ಮ ಮೇಷ್ಟ್ರ ಮಗಳು. ಅವರದು ಪೇಟೆಯ ಪುರೋಹಿತರ ಮನೆತನ. ಮೇಷ್ಟ್ರಿಗೆ ನಮ್ಮೂರ ಶಾಲೆಗೆ ವರ್ಗವಾಗಿತ್ತು. ಬಂದಾಗ ಅವಳು ಬಿಸಿಲಿಗೆ ಕಣ್ಣು ಬಿಡಲಾರದ ಹುಡುಗಿ. ಒಂದು ವರ್ಷದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದಳು.

"ನಿಮ್ಮಮ್ಮ ಬಯ್ಯಲ್ವೇನೇ?" ಅಂತ ಕೇಳಿದ್ದೆ.

"ಬೈತಾಳೆ. ಓಡ್ತಾ ಇದ್ರೆ ಕೇಳಿಸಲ್ಲ."

ಅವಳು 'ಹಾಲು', 'ಹೋಗೋಣ' ಅಂದರೆ ನಾವು ನಗುತ್ತಿದ್ದೆವು. "ಅದೇನಮ್ಮಿ ಅಂಗೆ ಉಸ್ರು ಬುಡ್ತೀಯ, ಒಲೆ ಊದ್ತಿದ್ದೀಯಾ?" ಅಂತ ಕಾಡುತ್ತಿದ್ದೆ. ಅವಳೂ ನಮ್ಮ ಹಾಗೇ 'ಓಗಾನ ಬಾ' ಅನ್ನಲು ಕಲಿತಳು. ನಮ್ಮ ಮಾತು ಪೂರ್ತಿ ಬಂತು ಅಂತ ಅವಳಿಗೂ ಅನಿಸಿತ್ತು, ನಮಗೂ ಅನಿಸಿತ್ತು.

ಆ ಮಧ್ಯಾಹ್ನ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಅಜ್ಜಿ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ವೀಣಾ ನನ್ನನ್ನು ಕರೆಯಲು ಬಂದು, "ಅಜ್ಜೀ, ಕಾಲುವೇಲಿ ನೀರಿದೆಯಾ?" ಅಂತ ಕೇಳಿದ್ದಾಳೆ.

"ಈಗ್ ತಾನೆ ಕಟ್ಟವ್ನೆ ಕಣವ್ವ ನನ್ ಮಗ" ಅಂದಿದ್ದಾಳೆ ಅಜ್ಜಿ.

ವೀಣಾ ಓಡಿದಳು. ಮನೆಗೆ ಹೋದಳು ಅಂದುಕೊಂಡಳು ಅಜ್ಜಿ.

ನೀರು ಕಟ್ಟುವುದು ಅಂದರೆ ಬೇಸಾಯದವರಿಗೆ ಗದ್ದೆಗೆ ನೀರು ತಿರುಗಿಸುವುದು. ಕಾಲುವೆಗೆ ನೀರು ಬಿಟ್ಟಾಗಿದೆ ಎಂದೇ ಅಜ್ಜಿ ಹೇಳಿದ್ದು. ಮೇಷ್ಟ್ರ ಮನೆಯಲ್ಲಿ ಕಟ್ಟುವುದು ಅಂದರೆ ಬೇರೆ. ಮೂಗು ಕಟ್ಟುತ್ತದೆ, ನಲ್ಲಿ ಕಟ್ಟುತ್ತದೆ. ಕಟ್ಟಿತು ಅಂದರೆ ನಿಂತಿತು. ನೀರು ನಿಲ್ಲಿಸಿದ್ದಾರೆ ಎಂದುಕೊಂಡು ಹುಡುಗಿ, ನೀರಿನ್ನೂ ಬಂದು ಮುಟ್ಟಿರದ ಮೋರಿಯೊಳಗೆ ಮಲಗಿ ನನಗಾಗಿ ಕಾಯುತ್ತಿತ್ತು.

ನಾನು ಕೈ ತೊಳೆದು, ದಿನದ ರೂಢಿಯಂತೆ ಅವಳನ್ನು ಹುಡುಕಿಕೊಂಡು ಕಾಲುವೆಗೆ ಹೋದಾಗ ನೀರು ಏರಿಯ ಅಂಚಿಗೆ ಬಂದಿತ್ತು. ಗದ್ದೆಯಿಂದ ಅಪ್ಪ ಗುದ್ದಲಿ ಹಿಡಿದು, ಗೊಣಗುತ್ತಾ ಬಂದರು.

"ಗದ್ದೆಗೆ ನೀರೇ ಬತ್ತಿಲ್ವಲ್ಲ ಕಣಮ್ಮಿ. ಮೋರೀಲಿ ಏನೋ ಸಿಕ್ಕಾಕ್ಕಂಡೈತೆ."

"ಅಪ್ಪಾ, ವೀಣಾ ಬಂದಿದ್ಲಾ ಈ ಕಡೆ?"

"ನೀರ್ ಬುಟ್ ಮ್ಯಾಲೆ ಯಾರ್ ಬಂದಾರು?" ಅಂದರು.

ಮೊದಲು ಪೈಪಿನ ಬಾಯಿಗೆ ಅಡ್ಡ ಬಿದ್ದಿದ್ದ ಬೇಲಿಮುಳ್ಳು, ತೆಂಗಿನ ಗರಿ ಎಳೆದು ಹಾಕಿದರು. ಆಮೇಲೆ ಭುಜದವರೆಗೂ ಕೈ ಹಾಕಿದರು. ಅವರ ಮುಖ ನನ್ನ ಕಡೆಗೇ ಇತ್ತು. ಕೈಗೆ ಏನೋ ತಾಕಿತು. "ಮನೆಗ್ ಓಗು" ಅಂದರು. ನಾನು ನಿಂತೇ ಇದ್ದೆ. "ಓಗ್ ಮಗ" ಅಂತ ಅತ್ತರು.

ಸಂಜೆ ಮೇಷ್ಟ್ರು ನಮ್ಮ ಜಗುಲಿಗೆ ಬಂದು ಅಜ್ಜಿಯನ್ನು ಕೇಳಿದರು: "ಅವಳು ಏನು ಕೇಳಿದಳು, ನೀವು ಏನಂದಿರಿ?"

"ಕಟ್ಟವ್ನೆ ಅಂದೆ ಕಣಪ್ಪ. ನೀರೈತೆ ಅಂತ್ಲೇ ಏಳ್ದೆ, ದೇವ್ರಾಣೆಗೂ."

ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದ ಮನುಷ್ಯ. ಆ ಮಾತನ್ನು ಒಂದು ಸಲ ಬಾಯಲ್ಲೇ ಅಂದುಕೊಂಡರು. "ತಪ್ಪೇನಿಲ್ಲ ಬಿಡಿ" ಅಂದು, ಚಪ್ಪಲಿ ಮೆಟ್ಟುವುದನ್ನೂ ಮರೆತು ನಡೆದರು. ಬೇಸಿಗೆ ರಜ ಮುಗಿಯುವ ಮೊದಲೇ ವರ್ಗ ಮಾಡಿಸಿಕೊಂಡು ಹೋದರು.

ಅಪ್ಪ ಆಮೇಲೆ 'ಕಟ್ಟು' ಅನ್ನುವ ಮಾತನ್ನೇ ಬಿಟ್ಟರು. ಸಾಯುವವರೆಗೂ 'ನೀರು ಹಾಯಿಸ್ತೀನಿ' ಅಂತಲೇ ಅನ್ನುತ್ತಿದ್ದರು.

ಇನ್ನು ಲೆಕ್ಕಕ್ಕೆ ಬಾರದ ಬಾಬ್ತು. ಮರುದಿನ ಅವ್ವ, "ಒಸಲು ದಾಟುದ್ರೆ ಕಾಲ್ ಮುರೀತೀನಿ" ಅಂದಳು. ಎಲ್ಲ ಮನೆಯಲ್ಲೂ ಹೆಣ್ಣುಮಕ್ಕಳಿಗೆ ಅದೇ ಮಾತು. ಗಂಡುಹುಡುಗರು ಕೆಲವೇ ದಿನಕ್ಕೆ ಅದೇ ಕಾಲುವೆಗಿಳಿದರು. ಅವರನ್ನು ಯಾರೂ ತಡೆಯಲಿಲ್ಲ. ನಮಗೆ ಆಷಾಢದ ಗಾಳಿ ಕಿಟಕಿಯ ಆಚೆ ಬೀಸಿ ಹೋಯಿತು, ಸುಗ್ಗಿ ಆಚೆಯೇ ಮುಗಿಯಿತು. ವರ್ಷ ಕಳೆಯುವಷ್ಟರಲ್ಲಿ ಓಡುವ ಆಸೆಯೇ ಕಾಲಿನಿಂದ ಇಳಿದುಹೋಗಿತ್ತು. ಹೋದವಳು ಒಬ್ಬಳು. ಬದುಕಿದ್ದ ನಮ್ಮನ್ನೆಲ್ಲ ಅವಳ ಜೊತೆಗೇ ಒಳಗಿಟ್ಟು ಮುಚ್ಚಿದರು. ಈಗ ಊರಿಗೆ ಹೋದರೆ ಸಂಜೆ ಐದಕ್ಕೆ ಬೀದಿಯಲ್ಲಿ ಒಂದು ಹೆಣ್ಣುಮಗುವಿನ ಕೂಗೂ ಕೇಳುವುದಿಲ್ಲ. ಮುಚ್ಚಿದ್ದು ಏತಕ್ಕೆ ಎಂದು ಕೇಳಿದರೆ ಹೇಳುವವರೂ ಇಲ್ಲ.

ನಾನೀಗ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತೇನೆ. ಎದುರಿನವರು ಹೇಳಿದ್ದನ್ನು ನನ್ನ ಬಾಯಲ್ಲಿ ತಿರುಗಿ ಹೇಳಿ, ಅವರು ಹೌದು ಅಂದಮೇಲೇ ಒಪ್ಪುವುದು. ನಿಮಗೂ ಅದನ್ನೇ ಹೇಳುತ್ತೇನೆ. ಮಗು ಆಡುವ ಜಾಗಕ್ಕೆ ಮೊದಲು ನೀವೇ ಹೋಗಿ ನೋಡಿ. ನೀರು ಬಿಡುವವನು ಯಾರೆಂದು ಗುರುತು ಮಾಡಿಕೊಳ್ಳಿ. 'ಬರುತ್ತಾ ಇದೆಯೋ, ನಿಂತಿದೆಯೋ' ಎಂದು ಬಿಡಿಸಿ ಕೇಳುವುದನ್ನು ಮಗುವಿಗೆ ಕಲಿಸಿ. ಮೋರಿ, ಪೈಪು, ತೂಬು ಒಣಗಿದ್ದರೂ ಒಳಗೆ ಹೋಗಕೂಡದು ಅನ್ನಿ. ಅಂದದ್ದನ್ನು ಅದರ ಬಾಯಲ್ಲೇ ಹೇಳಿಸಿ.

ಇಷ್ಟು ಮಾಡಿ ಬಾಗಿಲು ತೆಗೆಯಿರಿ. ಹೆಣ್ಣುಮಗುವಾದರೆ ಮೊದಲು ತೆಗೆಯಿರಿ.