ಹನ್ನೊಂದು ವರ್ಷ ಮುಚ್ಚಿದ್ದ ಮುಂದಿನ ಆಕ್ಸಲ್

೨೦೧೩ರಲ್ಲಿ ನಾನು ಮಂಡ್ಯದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿದ್ದೆ. ಸೇರಿ ಒಂಬತ್ತು ವರ್ಷವಾಗಿತ್ತು. ಅಪ್ಪ ಮದ್ದೂರಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದರಿಂದ ಬೇರಿಂಗು, ಗೇರುಗಳ ನಡುವೆಯೇ ಬೆಳೆದವಳು ನಾನು. ಅಂಗಡಿಯ ಯಜಮಾನರು ರಾಮಣ್ಣ. "ನಮ್ ಸರೋಜಮ್ಮಂಗೆ ಗಾಡಿ ಸದ್ದು ಕೇಳುದ್ರೆ ಸಾಕು, ಯಾವ್ ಪಾರ್ಟ್ ಓಗದೆ ಅಂತ ಏಳ್ತಳೆ" ಎಂದು ಗಿರಾಕಿಗಳ ಮುಂದೆ ಅವರೇ ಹೊಗಳುತ್ತಿದ್ದರು.

ಆ ವರ್ಷದ ಆಗಸ್ಟಿನಲ್ಲಿ ಪುಟ್ಟಸ್ವಾಮಿ ಎಂಬ ಜೀಪ್ ಮೆಕ್ಯಾನಿಕ್ ಬಂದು ಹಿಂದಿನ ಆಕ್ಸಲಿಗೆ ಕ್ರೌನ್-ಪಿನಿಯನ್ ಕೇಳಿದ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತಿರುಗಿಸಿ ಕೊಡುವ ಎರಡು ಗೇರುಗಳು ಅವು. ಪಿನಿಯನ್ ಚಿಕ್ಕದು, ಕ್ರೌನ್ ದೊಡ್ಡದು. ಅವನು ಕೇಳಿದ್ದು ಎಂಟು-ಮೂವತ್ತೊಂಬತ್ತು, ಅಂದರೆ ಪಿನಿಯನ್ನಿಗೆ ಎಂಟು ಹಲ್ಲು, ಕ್ರೌನಿಗೆ ಮೂವತ್ತೊಂಬತ್ತು. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಈ ಲೆಕ್ಕ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಎಳೆದಾಡುತ್ತವೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಗೊತ್ತಾಗುವುದಿಲ್ಲ. ಟಾರು ರಸ್ತೆಗೆ ಬಂದರೆ ಎಲ್ಲೋ ಒಂದು ಕಡೆ ಹಲ್ಲು ಮುರಿಯುತ್ತದೆ.

ನಮ್ಮ ಕಡೆಯ ಹಳೇ ಜೀಪುಗಳಲ್ಲಿ ಎಷ್ಟೋ ಗುಜರಿಯಿಂದ ಜೋಡಿಸಿದವು. ಮುಂದಿನ ಆಕ್ಸಲ್ ಒಂದು ಗಾಡಿಯದು, ಹಿಂದಿನದು ಇನ್ನೊಂದರದು. ಹಾಗಾಗಿ ಕೇಳದೆ ನಾನು ಯಾರಿಗೂ ಮಾಲು ಕೊಡುತ್ತಿರಲಿಲ್ಲ.

"ಮುಂದ್ಲುದ ಎಣಿಸ್ದಾ ಪುಟ್ಟಸ್ವಾಮಿ?"

"ಎಣಿಸ್ದೆ ಕಣಕ್ಕ, ಎರಡೂ ಒಂದೇಯ. ನಂಗೇ ಪಾಠ ಏಳ್ಕೊಡ್ತೀಯಾ?"

ಮೂರು ವಾರಕ್ಕೆ ಅದೇ ಪಿನಿಯನ್ ಹಲ್ಲುದುರಿಸಿಕೊಂಡು ವಾಪಸ್ ಬಂತು. ಸೋಮವಾರ ಬೆಳಿಗ್ಗೆ, ಅಂಗಡಿ ತುಂಬ ಜನ. ಜೀಪಿನ ಮಾಲೀಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪುಟ್ಟಸ್ವಾಮಿ ಅದನ್ನು ಕೌಂಟರಿನ ಮೇಲೆ ಎಸೆದ. "ಡೂಪ್ಲಿಕೇಟ್ ಮಾಲು ಕಣ್ರೀ ಇದು. ಕಂಪನಿ ಮಾಲ್ನ ಈಯಮ್ಮ ಬ್ಯಾಗಿಗಾಕ್ಕಂಡು ಡಬ್ಬಕ್ಕೆ ಇದ ತುಂಬವಳೆ" ಎಂದ. ಮುಂದಿನ ಆಕ್ಸಲ್ ಎಣಿಸಿ ನೋಡಿ, ಆಮೇಲೆ ಮಾತಾಡಿ ಎಂದು ಬಡಿದುಕೊಂಡೆ. "ನಾನೇ ಕೈಯಾರ ಎಣಿಸಿವ್ನಿ" ಎಂದು ಅವನು ಕೂಗಿದ. ರಾಮಣ್ಣ ನನ್ನ ಬ್ಯಾಗು ಎಳೆದುಕೊಂಡು ಕೌಂಟರಿನ ಮೇಲೆ ಸುರಿದರು. ಊಟದ ಡಬ್ಬಿ, ಬಾಚಣಿಗೆ, ಬಸ್ ಪಾಸು, ಹೆಂಗಸರು ತಿಂಗಳಿಗೊಮ್ಮೆ ಕಾಗದದಲ್ಲಿ ಸುತ್ತಿಸಿ ತರುವ ಪೊಟ್ಟಣ. ಅಷ್ಟೂ ಗಂಡಸರು ನೋಡಿದರು. ಕದ್ದ ಮಾಲು ಏನೂ ಸಿಗಲಿಲ್ಲ. ಆದರೂ ನಾಳೆಯಿಂದ ಬರಬೇಡ ಎಂದರು.

ಆ ಸಂಜೆ ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಸುದ್ದಿ ನನಗಿಂತ ಮುಂಚೆ ಮದ್ದೂರು ಮುಟ್ಟಿತ್ತು. "ನಿಜ ಏಳವ್ವ, ತಕ್ಕಂಡಿದ್ಯಾ?" ಎಂದರು. ಇಲ್ಲ ಅಂದೆ. ತಲೆಯಾಡಿಸಿದರು, ಆದರೆ ನನ್ನ ಮುಖ ನೋಡಲಿಲ್ಲ. ಎರಡು ವರ್ಷ ಬಿಟ್ಟು ತೀರಿಕೊಂಡರು. ನನ್ನನ್ನು ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮಂಡ್ಯದಲ್ಲಿ ಯಾವ ಅಂಗಡಿಯವರೂ ನನ್ನನ್ನು ಕೌಂಟರಿಗೆ ಸೇರಿಸಲಿಲ್ಲ. ಅಪ್ಪನ ಶೆಡ್ಡಿನಲ್ಲೇ ಸಣ್ಣ ಅಂಗಡಿ ಇಟ್ಟೆ. ವ್ಯಾಪಾರ ನಿಧಾನವಾಗಿ ಕುದುರಿತು. ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ಪುಟ್ಟಸ್ವಾಮಿ ಒಂದಲ್ಲ ಒಂದು ದಿನ ನನ್ನ ಕೈಗೆ ಸಿಗಲಿ ಎಂದು ದೇವರನ್ನು ಬೇಡಿಕೊಂಡಿದ್ದೇನೆ. ಒಳ್ಳೆಯದನ್ನೇ ಬೇಡಬೇಕು ಅನ್ನುತ್ತಾರೆ. ನಾನು ಬೇಡಿದ್ದು ಇದನ್ನೇ.

೨೦೨೪ರಲ್ಲಿ ಹಲಗೂರಿನ ಕಡೆಯ ಶಿವಲಿಂಗು ಎಂಬ ರೇಷ್ಮೆ ಬೆಳೆಗಾರ ನನ್ನ ಅಂಗಡಿ ಮುಂದೆ ಜೀಪು ನಿಲ್ಲಿಸಿದ. ಗುಡ್ಡ ಹತ್ತಿಸುವ ಹುಚ್ಚಿನವನು. ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿ ಮೂವತ್ತಮೂರು ಇಂಚಿನ ಟೈರು ಹಾಕಿಸಿದ್ದ. ದೊಡ್ಡ ಟೈರಿನ ಭಾರಕ್ಕೆ ಎಂಜಿನ್ ಏದುಸಿರು ಬಿಡುತ್ತಿತ್ತು. "ಯಾವ್ ಗೇರ್ ಸೆಟ್ ಆಕುಸ್ಬೇಕು, ನೀವೇ ಆರಿಸ್ಕೊಡಿ ಅಕ್ಕ" ಎಂದ.

ನಂಬರ್ ಪ್ಲೇಟ್ ನೋಡಿದವಳು ಹತ್ತಿರ ಹೋಗಿ ಇನ್ನೊಮ್ಮೆ ಓದಿದೆ. ಅದೇ ಜೀಪು! ಆವತ್ತಿನ ಬಿಲ್ಲಿನಲ್ಲಿ ಗಾಡಿ ನಂಬರು ಬರೆದದ್ದು ಇದೇ ಕೈ, ಹೇಗೆ ಮರೆಯುತ್ತೇನೆ?

"ಮೆಕ್ಯಾನಿಕ್ ಯಾರಪ್ಪ?"

"ಪುಟ್ಟಸ್ವಾಮಿ ಅಂತ, ಮಳವಳ್ಳೀಲವ್ನೆ. ಮೊದ್ಲಿಂದ್ಲೂ ಇದಕ್ಕೆ ಅವ್ನೇ ಕೈಯಾಕಿರದು. ಮುಂದ್ಲು ಹೌಸಿಂಗ್ ಇವತ್ಗಂಟ ಬಿಚ್ಚೇ ಇಲ್ವಂತೆ, ಅಷ್ಟು ಗಟ್ಟಿ ಮಾಲು ಅಂತಾನೆ."

ಗೇರುಗಳ ಕವಚವಾದ ಹೌಸಿಂಗ್ ಬಿಚ್ಚಿಲ್ಲವೆಂದರೆ ಮುಂದಿನ ಗೇರುಗಳು ಆವತ್ತಿನವೇ. ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ. ಅದು ಕೂರುವ ಜಾಗದಲ್ಲಿ ಗ್ರೀಸು ಕಲ್ಲಿನ ಹಾಗೆ ಒಣಗಿತ್ತು. ಯಾವಾಗ ಬಿಚ್ಚಿದ್ದು ಎಂದು ಕೇಳಿದೆ. ಹಿಂದಿನ ಮಾಲೀಕನ ಕಾಲದಲ್ಲಿ ಒಮ್ಮೆ ಪಿನಿಯನ್ ಮುರಿದಾಗ ಮೈಲೇಜ್ ಬರಲಿ ಎಂದು ಪುಟ್ಟಸ್ವಾಮಿಯೇ ಬಿಚ್ಚಿಟ್ಟನಂತೆ, ಈಗ ಮತ್ತೆ ಹಾಕುತ್ತಾನಂತೆ.

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಅವನು ಆವತ್ತು ಮುಂದಿನದನ್ನು ಎಣಿಸಿರಲಿಲ್ಲ. ಪಿನಿಯನ್ ಮುರಿದ ಮೇಲೆ ಎಣಿಸಿದ್ದಾನೆ, ತಪ್ಪು ತನ್ನದೇ ಎಂದು ಗೊತ್ತಾಗಿದೆ, ಮುಂದಿನ ಚಕ್ರ ಎಳೆಯದಿರಲಿ ಎಂದು ಗುಟ್ಟಾಗಿ ಶಾಫ್ಟು ಕಳಚಿದ್ದಾನೆ. ಕೆಲಸದಲ್ಲಿ ತಪ್ಪು ಯಾರಿಗೂ ಆಗುತ್ತದೆ, ನನಗೂ ಆಗಿದೆ. ಆದರೆ ಇವನು ಗೊತ್ತಿದ್ದೂ ನನ್ನನ್ನು ಕಳ್ಳಿ ಮಾಡಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಅಯ್ಯೋ ಪಾಪಿ! ನನ್ನ ಸಾಕ್ಷಿ ಹನ್ನೊಂದು ವರ್ಷ ಆ ಆಕ್ಸಲಿನೊಳಗೆ ಎಣ್ಣೆಯಲ್ಲಿ ಮುಳುಗಿ ಕೂತಿತ್ತು.

ಶಿವಲಿಂಗುವಿಗೆ ಬೇಕಾದ ಸೆಟ್ಟು ನನ್ನಲ್ಲಿರಲಿಲ್ಲ, ರಾಮಣ್ಣನವರಲ್ಲಿತ್ತು. ತರಿಸಿಕೊಡಬಹುದಿತ್ತು. ನಾನು ತರಿಸಲಿಲ್ಲ. "ಸೋಮವಾರ ಬೆಳಿಗ್ಗೆ ಗಾಡಿ, ಮೆಕ್ಯಾನಿಕ್ ಇಬ್ಬರನ್ನೂ ಮಂಡ್ಯಕ್ಕೆ ರಾಮಣ್ಣೋರ ಅಂಗಡಿ ಮುಂದೆ ಕರ್ಕೊಂಡು ಬಾ. ನಾನು ಬರ್ತೀನಿ ಅಂತ ಮಾತ್ರ ಹೇಳಬೇಡ" ಎಂದೆ. ಹೌದು, ಸೋಮವಾರವನ್ನು ಬೇಕೆಂದೇ ಆರಿಸಿದೆ.

ನನ್ನನ್ನು ಕಂಡೊಡನೆ ಪುಟ್ಟಸ್ವಾಮಿಯ ಮುಖ ಕಪ್ಪಿಟ್ಟಿತು. ಅಂಗಡಿಯಲ್ಲಿ ಹತ್ತು ಹದಿನೈದು ಜನರಿದ್ದರು. ರಾಮಣ್ಣನವರಿಗೆ ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಹೊರಗೆ ಬನ್ನಿ ಎಂದು ಕರೆದು ಕೈಗೆ ಸೀಮೆಸುಣ್ಣ ಕೊಟ್ಟೆ.

"ಇದು ಆವತ್ತಿನ ಜೀಪು ಯಜಮಾನ್ರೆ. ಇವತ್ತು ನೀವೇ ಎಣಿಸಿ."

"ಯಾವ್ ಕಾಲದ್ದೋ ಕತೆ, ಬುಡಕ್ಕ ಅತ್ಲಾಗಿ" ಎಂದ ಪುಟ್ಟಸ್ವಾಮಿ.

"ನೀನು ಚಕ್ರ ತಿರುಗಿಸ್ಲಾ" ಎಂದೆ. ಶಿವಲಿಂಗುವೂ ಗದರಿದ ಮೇಲೆ ಅವನು ಬಗ್ಗಿದ.

ಹೌಸಿಂಗ್ ಬಿಚ್ಚದೆ ಎಣಿಸುವ ವಿಧಾನ ಸರಳ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು ಆಕ್ಸಲಿನ ಒಂದು ಚಕ್ರವನ್ನು ಮಾತ್ರ ಜಾಕಿಯಲ್ಲಿ ಎತ್ತಬೇಕು. ಎತ್ತಿದ ಚಕ್ರ ಇಪ್ಪತ್ತು ಸುತ್ತು ತಿರುಗುವಷ್ಟರಲ್ಲಿ ಪಿನಿಯನ್ ಎಷ್ಟು ಸುತ್ತುತ್ತದೆಂದು ಸೀಮೆಸುಣ್ಣದ ಗುರುತು ನೋಡಿ ಎಣಿಸಬೇಕು. ಇನ್ನೊಂದು ಚಕ್ರ ನೆಲದಲ್ಲೇ ನಿಂತಿರುವುದರಿಂದ ಅಷ್ಟರಲ್ಲಿ ಕ್ರೌನ್ ಅದರ ಅರ್ಧ, ಹತ್ತೇ ಸುತ್ತು ತಿರುಗುತ್ತದೆ. ಹಿಂದಿನ ಆಕ್ಸಲಿನಲ್ಲಿ ನಲವತ್ತೆಂಟು ದಾಟಿ ನಲವತ್ತೊಂಬತ್ತರ ಹತ್ತಿರ ಬಂತು. ಅದು ಎಂಟು-ಮೂವತ್ತೊಂಬತ್ತು. ಜಾಕಿಯನ್ನು ಮುಂದಕ್ಕೆ ಒಯ್ದರು. ರಾಮಣ್ಣ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಎಣಿಸತೊಡಗಿದರು. ಇಪ್ಪತ್ತನೇ ಸುತ್ತು ಮುಗಿದಾಗ ಅವರ ಬಾಯಲ್ಲಿದ್ದದ್ದು ನಲವತ್ತೆರಡು, ಮೇಲೆ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಅಂದರೆ ಹನ್ನೊಂದು-ನಲವತ್ತೇಳು. ಅವರು ಇನ್ನೊಮ್ಮೆ ತಿರುಗಿಸಲು ಸನ್ನೆ ಮಾಡಿದರು. ಮತ್ತೂ ಅಷ್ಟೇ ಬಂತು.

"ಎಣಿಸಿವ್ನಿ ಅಂದಿದ್ಯಲ್ಲೋ?" ಎಂದರು ರಾಮಣ್ಣ.

ಪುಟ್ಟಸ್ವಾಮಿ ನೆಲ ನೋಡುತ್ತ, "ಗಾಡಿ ಓನರ್ರು ಒಡ್ದಾಕ್ಬುಡ್ತಿದ್ರು ಕಣಣ್ಣ. ಎದ್ರುಕಂಡು ಅಂದ್ಬುಟ್ಟೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ತೆಪ್ಪಾಯ್ತು ಕಣಕ್ಕ, ಒಟ್ಟೆಗಾಕ್ಕಬುಡು" ಎಂದು ಕೈ ಮುಗಿದ.

ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಜನರ ಮುಂದೆ ಅವನು ಕೈ ಮುಗಿದದ್ದನ್ನು ನೋಡಿ ನನಗೆ ತುಂಬ ಖುಷಿಯಾಯಿತು. ರಾಮಣ್ಣ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಕಾಫಿ ಮುಟ್ಟದೆ ನಿಂತೇ ಪಾರ್ಟುಗಳ ಪಟ್ಟಿ ಬರೆದೆ. ಎರಡೂ ಆಕ್ಸಲಿಗೆ ಎಂಟು-ನಲವತ್ತಮೂರು, ದೊಡ್ಡ ಟೈರಿಗೆ ಅದೇ ಸರಿ. ಗಾಡಿ ಎತ್ತರವಾದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಇಳಿಯುತ್ತಿತ್ತು, ಅದಕ್ಕೆ ಉದ್ದದ, ಜೋಡಿ ಜಾಯಿಂಟಿನ ಶಾಫ್ಟು. ಮುಂದಕ್ಕೆ ಹೊಸ ಶಾಫ್ಟು. ಆಕ್ಸಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಲಾಕರೂ ಬೇಕೆಂದ ಶಿವಲಿಂಗು. ಮೊದಲು ಇಷ್ಟು ಹಾಕಿ ಓಡಿಸು, ಆಮೇಲೆ ನೋಡೋಣ ಎಂದೆ. ಪಟ್ಟಿಯ ಕೊನೆಯ ಸಾಲಿನಲ್ಲಿ "ಫಿಟ್ಟಿಂಗ್‌ಗೆ ಪುಟ್ಟಸ್ವಾಮಿ ಬೇಡ" ಎಂದು ದಪ್ಪಕ್ಷರದಲ್ಲಿ ಬರೆದು ಎಲ್ಲರಿಗೂ ಕೇಳುವಂತೆ ಓದಿ ಹೇಳಿದೆ. ಆ ವರ್ಷ ಮುಗಿಯುವುದರೊಳಗೆ ಮಳವಳ್ಳಿಯ ಜೀಪಿನವರು ಅವನ ಗ್ಯಾರೇಜಿಗೆ ಹೋಗುವುದನ್ನು ಬಿಟ್ಟರೆಂದು ಕೇಳಿದೆ.

ಮಾಲು ಜೀಪಿಗೇರಿತು. ಹೊರಡುವ ಮುಂಚೆ ನನ್ನ ಬ್ಯಾಗನ್ನು ಕೌಂಟರಿನ ಮೇಲೆ, ಅದೇ ಜಾಗದಲ್ಲಿ ಇಟ್ಟು ಜಿಪ್ಪು ತೆರೆದೆ.

"ನೋಡ್ಕೊಳ್ಳಿ ಯಜಮಾನ್ರೆ. ಆಮೇಲೆ ಏನಾದ್ರೂ ಅಂದೀರಿ."

ರಾಮಣ್ಣ ಮುಖ ಮುಚ್ಚಿಕೊಂಡರು. "ಬ್ಯಾಡ ಕಣವ್ವ" ಎಂದರು. ನಾನು ನಿಧಾನವಾಗಿ ಜಿಪ್ಪು ಎಳೆದುಕೊಂಡು ಬಂದೆ.

ಎರಡೂ ಕಡೆ ಎಣಿಸುವ ತನಕ ಯಾರ ಮಾತನ್ನೂ ನಂಬಬಾರದು ಎಂಬುದು ಈ ಕಸುಬು ನನಗೆ ಕಲಿಸಿದ ಪಾಠ. ಈಗಲೂ ಕೌಂಟರಿನ ಡ್ರಾಯರಿನಲ್ಲಿ ಸೀಮೆಸುಣ್ಣ ಇಟ್ಟಿದ್ದೇನೆ, ಗಿರಾಕಿ ಎಷ್ಟೇ ಅವಸರ ಮಾಡಲಿ, ಎಣಿಸದೆ ಮಾಲು ಕೊಡುವುದಿಲ್ಲ. ಇಷ್ಟಾದ ಮೇಲಾದರೂ ಅವರಿಬ್ಬರನ್ನೂ ಕ್ಷಮಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಆವತ್ತು ರಾಮಣ್ಣ ನಲವತ್ತೆರಡು ಎಂದು ಎಣಿಸಿದ್ದನ್ನು ಬೀದಿಯೆಲ್ಲ ಕೇಳಿತು. ಕೇಳಬೇಕಾಗಿದ್ದ ಅಪ್ಪ ಇರಲಿಲ್ಲ. ಹೇಗೆ ಕ್ಷಮಿಸಲಿ?