ಕೆಂಪು ಮರಿಗಳ ಮೇಲೆ ಎತ್ತಿದ ಭರ್ಜಿ

ಕಣ್ಣು ಮಂಜಾಯಿತು, ಅದಕ್ಕೇ ಭರ್ಜಿ ಬಿಟ್ಟ ಎಂದು ನಮ್ಮ ಕಾಕಾನ ಬಗ್ಗೆ ಊರಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದುಮ್ಮವಾಡದ ಕಡೆಯಿಂದ ಬರುವ ಬಸ್ಸಿನ ಬೋರ್ಡನ್ನು ಇಂದಿಗೂ ನನಗಿಂತ ಮೊದಲು ಓದುವವನು ಅವನೇ. ಅಕ್ಕಿಯೊಳಗಿನ ಹರಳು ಆರಿಸಲು ಅವನ ಹೆಂಡತಿ, ನಮ್ಮ ಚಿಗವ್ವ, ಅವನನ್ನೇ ಕೂರಿಸುತ್ತಾಳೆ. ದೋಷ ಕಣ್ಣಿನದಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹೊಲದ ಕೆಲಸ ಇಲ್ಲದ ದಿನ ಊರ ಕೆರೆಗಿಳಿದು ಭರ್ಜಿಯಿಂದ ಮೀನು ಹೊಡೆಯುತ್ತಿದ್ದ. ಆಳೆತ್ತರದ ಬಿದಿರಿನ ಕೋಲು, ತುದಿಗೆ ಮೂರು ಕಬ್ಬಿಣದ ಹಲ್ಲು, ಮುಂಗೈಗೆ ಸುತ್ತಿದ ಹಗ್ಗ. ಅವನು ಹುಡುಕುತ್ತಿದ್ದದ್ದು ಒಂದೇ ಜಾತಿಯನ್ನು: ಹಾವಿನಂಥ ತಲೆಯ, ತೋಳುದ್ದದ ಮೀನು. ಅದು ಆಗಾಗ ಉಸಿರಿಗಾಗಿ ಮೇಲೆ ಬರುತ್ತದೆ. ಬಂದಾಗ, ಕಂಡ ಜಾಗಕ್ಕಲ್ಲ, ಒಂದು ಗೇಣು ಕೆಳಗೆ ಹೊಡೆಯಬೇಕು. ನೀರು ಕಣ್ಣಿಗೆ ಮೋಸ ಮಾಡುತ್ತದೆ.

ಮಳೆ ಹತ್ತಿದ ಮೇಲೆ ಈ ಮೀನಿನ ಮರಿಗಳು ನೀರ ಮೇಲೆ ಗುಂಪಾಗಿ ತೇಲುತ್ತವೆ. ನೂರಾರು ಮರಿ, ಕುಂಕುಮ ಕದಡಿದಂಥ ಕೆಂಪು. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಮರಿಗಳ ಕೆಂಪು ಹೋಗುವವರೆಗೆ ಕಾಕಾ ಅವುಗಳ ಹತ್ತಿರ ಸುಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಧಾರವಾಡದಿಂದ ನನ್ನ ಜೊತೆ ಇಬ್ಬರು ಗೆಳತಿಯರು ಊರಿಗೆ ಬಂದರು. ಮೂವರೂ ಕಾಲೇಜಿನ ಚರ್ಚಾ ತಂಡದವರು. ನಾಲ್ಕು ದಿನಕ್ಕೆ ಶ್ರಾವಣ ಹತ್ತುವುದಿತ್ತು. ಆಮೇಲೆ ತಿಂಗಳೊಪ್ಪತ್ತು ಮನೆಯಲ್ಲಿ ಮೀನಿಲ್ಲ. ಕಾಕಾನ ಗುರಿಯ ಬಗ್ಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದೆ. ಬೆಳಿಗ್ಗೆ ಕೆರೆಗೆ ಹೋದರೆ ದಂಡೆಯ ಬಳಿಯೇ ಕೆಂಪು ಗುಂಪು ತೇಲುತ್ತಿತ್ತು.

"ಇವತ್ತ ಆಗೂದಿಲ್ಲ," ಎಂದ ಕಾಕಾ. "ಮರಿ ಇನ್ನೂ ಕೆಂಪದಾವ."

"ಕೆಂಪಿದ್ರ ಏನಾತು?" ಎಂದೆ.

"ಹೊಡಿಬಾರ್ದು. ನಮ್ಮಪ್ಪನೂ ಹೊಡಿತಿದ್ದಿಲ್ಲ."

"ಅದು ಕಾರಣ ಅಲ್ಲ ಕಾಕಾ."

ಗೆಳತಿಯೊಬ್ಬಳು ನನ್ನ ಕಿವಿಯ ಹತ್ತಿರ ಬಂದು, ಕಾಕಾನಿಗೂ ಕೇಳಿಸುವಂತೆ, "ನಿಮ್ಮ ಕಾಕಾ ಭರ್ಜಿ ಹಿಡ್ಕೊಂಡು ಫೋಟೋಕ್ಕ ನಿಲ್ಲೂದಷ್ಟ ಏನಲೇ?" ಎಂದಳು. ನನ್ನ ಮುಖ ಕಾದುಹೋಯಿತು.

"ಹ್ವಾದ ತಿಂಗಳ ಹೊಟ್ಟಿ ತುಂಬ ತತ್ತಿ ಇದ್ದ ಮೀನ ತಂದಿದ್ದಿ," ಎಂದೆ ಕಾಕಾನಿಗೆ. "ತತ್ತಿ ಹುರದು ತಿಂದ್ವಿ. ಅವು ಮರಿ ಆಗ್ತಿದ್ದಿಲ್ಲೇನು? ಅದು ನಡೀತದ, ಇದು ನಡ್ಯಂಗಿಲ್ಲ. ಯಾವ ನ್ಯಾಯ ಇದು?"

ದಂಡೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಮುದುಕ ಕಾಕಾನತ್ತ ತಿರುಗಿದ. "ಹೇಳಪಾ ಈಗ. ಕೋರ್ಟಿಗೆ ಎಳದಾಳ ನಿನ್ನ."

ಕಾಕಾ ನೀರು ನೋಡಿದ, ನನ್ನ ಗೆಳತಿಯರನ್ನು ನೋಡಿದ, ಆಮೇಲೆ ನನ್ನನ್ನು. "ನೀ ಹೇಳೂದೂ ಖರೇ ಐತಿ ಬಿಡ ಯವ್ವಾ," ಎಂದು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಇಳಿದ.

ಆ ವಾದದಲ್ಲಿ ನನಗೆ ಇಂದಿಗೂ ತಪ್ಪು ಸಿಗುವುದಿಲ್ಲ. ಆದರೆ ಅದಕ್ಕೊಂದು ಉತ್ತರವಿತ್ತು, ಅದು ನನಗೆ ಆಗಲೇ ಗೊತ್ತಿತ್ತು. ಚಿಕ್ಕವಳಿದ್ದಾಗ ಇದೇ ಕೆರೆಯಲ್ಲಿ ಎಷ್ಟೋ ಸಲ ನೋಡಿದ್ದೆ: ಬೇರೆ ದಿನ ಮನುಷ್ಯರ ನೆರಳು ಕಂಡರೆ ಮಾಯವಾಗುವ ಈ ಮೀನು, ಮರಿ ಇದ್ದಾಗ ಮಾತ್ರ ಓಡುವುದಿಲ್ಲ. ತತ್ತಿ ಹೊತ್ತ ಮೀನಿಗೆ ತಪ್ಪಿಸಿಕೊಳ್ಳುವ ದಾರಿ ಇರುತ್ತದೆ, ಮರಿ ಕಾಯುವ ಮೀನಿಗೆ ಇಲ್ಲ. ಕಾಕಾನಿಗೆ ಇದನ್ನು ಮಾತಿನಲ್ಲಿ ಹೇಳಲು ಬರಲಿಲ್ಲ. ಎದುರಾಳಿಗೆ ಹೊಳೆಯದ ಅಂಶವನ್ನು ನಾವಾಗಿ ಎತ್ತಿಕೊಡಬಾರದು ಎಂಬುದು ನಮ್ಮ ತಂಡದ ಮೊದಲ ಪಾಠ. ನಾನು ಸುಮ್ಮನಿದ್ದೆ.

ಮೀನು ಓಡಲಿಲ್ಲ. ಒಂದೇ ಏಟು. ಗೆಳತಿಯರು ಮೊಬೈಲ್ ಹಿಡಿದುಕೊಂಡೇ ಕೂಗು ಹಾಕಿದರು. ಕಾಕಾ ಮೀನನ್ನು ದಂಡೆಗೆ ಎಸೆದ, ತಾನು ಮಾತ್ರ ಮೇಲೆ ಬರಲಿಲ್ಲ. ಜೋಡಿಯ ಇನ್ನೊಂದು ಮೀನು ಮತ್ತೆ ಕಾಣಲಿಲ್ಲ. ಚೆದುರಿದ ಮರಿಗಳು ಸ್ವಲ್ಪ ಹೊತ್ತಿಗೆ ಅವನ ನೆರಳಿನಲ್ಲಿ ಗುಂಪುಗೂಡಿದವು. ಎರಡು ಬೆಳ್ಳಕ್ಕಿ ಬಂದು ಮಾರು ದೂರದಲ್ಲಿ ನಿಂತವು. ಕಾಕಾ ಭರ್ಜಿಯ ಕೋಲಿನಿಂದ ನೀರು ಬಡಿದು ಅವನ್ನು ಓಡಿಸಿದ. ಮತ್ತೆ ಬಂದವು.

"ಮ್ಯಾಲೆ ಬಾ ಕಾಕಾ."

"ನೀವು ಹೋಗ್ರಿ. ಇವು ಇಲ್ಲೇ ನಿಂತಾವ."

"ಬರೇ ನೆರಳಿಗೆ ಬಂದಾವ ಅವು."

"ಹೌದು, ನೆರಳಿಗೇ."

ಅವನು ಒಪ್ಪಿಕೊಂಡಿದ್ದ. ನಾನು ಮತ್ತೊಂದು ಸಲ ಗೆದ್ದಿದ್ದೆ.

ಬಿಸಿಲು ನೆತ್ತಿಗೇರಿ, ನೆರಳು ಅವನ ಮೈಗೇ ಸೇರಿಹೋದ ಮೇಲೆ ಮನೆಗೆ ಬಂದ. ಚಿಗವ್ವ ಸಾರು ಮಾಡಿದ್ದಳು. ಹೊಟ್ಟೆ ಸರಿ ಇಲ್ಲವೆಂದು ಕಾಕಾ ಬರೀ ಮಜ್ಜಿಗೆ ಕುಡಿದ. ನಾನು ಎರಡು ರೊಟ್ಟಿ ಉಂಡೆ, ಮತ್ತೆ ಸಾರು ಹಾಕಿಸಿಕೊಂಡೆ, ರುಚಿಯಾಗಿತ್ತು. ಗೆಳತಿಯರು ಹೋಗುವಾಗ, "ಭಾರಿ ಗುರಿ ರೀ ನಿಮ್ದು," ಎಂದರು. ಅವನು ತಲೆಯಾಡಿಸಿದ.

ಶ್ರಾವಣ ಕಳೆದರೂ ಸೂರಿಗೆ ಸಿಕ್ಕಿಸಿಟ್ಟ ಭರ್ಜಿ ಕೆಳಗಿಳಿಯಲಿಲ್ಲ. ಯಾರಾದರೂ ಕೇಳಿದರೆ ಕಾಕಾ ಕಣ್ಣು ಮಂಜು ಅನ್ನುತ್ತಾನೆ. ಹಲ್ಲು ಬಿಚ್ಚಿದ ಕೋಲಿನಿಂದ ಚಿಗವ್ವ ಈಗ ಅಂಗಳದ ಮೇಲೆ ಕಟ್ಟಿದ ತಾಡಪತ್ರಿಯನ್ನು ಎತ್ತಿ, ಅದರಲ್ಲಿ ನಿಂತ ಮಳೆನೀರು ಚೆಲ್ಲುತ್ತಾಳೆ.

ಹೋದ ವಾರ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದೆವು. ಎರಡು ವರ್ಷ ತಡೆದು ಇಟ್ಟುಕೊಂಡದ್ದನ್ನು ಕೇಳಿಯೇ ಬಿಟ್ಟೆ.

"ಕಾಕಾ, ಅವತ್ತ ನನ್ನ ಮಾತು ಖರೇನ ಒಪ್ಪಿ ಹೊಡದ್ಯೋ, ಇಲ್ಲಾ ಗೆಳತ್ಯಾರ ಮುಂದ ನಾ ಸಣ್ಣಾಕಿ ಆಗಬಾರ್ದಂತ ಹೊಡದ್ಯೋ?"