ಅಂಗೈ ನೋಡುತ್ತಾ ಕೂತ ಗಿರಿಜೆ

ಒಂದೂವರೆ ವರ್ಷ ತುಂಬಿದಾಗ ನನ್ನ ಮಗಳು ಗಿರಿಜೆ ತನ್ನ ಅಂಗೈ ನೋಡತೊಡಗಿದಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಕಣ್ಣು ಕದಲಿಸದೆ, ಅರ್ಧರ್ಧ ಗಂಟೆ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಟ್ರಾನ್ಸಿಸ್ಟರ್ ಹಚ್ಚಿದರೆ ಮಾತ್ರ ಓಡಿ ಬರುತ್ತಿದ್ದಳು.

ನಮ್ಮದು ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಮನೆ. ದಿನಾ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ ಮಾಡುವ ಅತ್ತೆ ಅವಳನ್ನು ನೋಡಿ ಕಣ್ಣೀರು ಹಾಕಿದರು.

"ಯವ್ವಾ, ಇದು ಕೂಸಲ್ಲ, ಶರಣಿ! ಬರೀ ಕೈಯಾಗ ಲಿಂಗ ಕಾಣಾಕತ್ತದ ಇದಕ್ಕ."

ಸುದ್ದಿ ಹಬ್ಬಿತು. ಸೋಮವಾರ ಬಂತೆಂದರೆ ಮಲ್ಲಟ, ಬಾಗಲವಾಡದಿಂದ ಹೆಂಗಸರು ಬಂದು ನನ್ನ ಮಗಳ ಕಾಲಿಗೆ ಬೀಳುತ್ತಿದ್ದರು. ಕಾಲು ಮುಟ್ಟಿದರೆ ಅವಳು ಚಿಟ್ಟನೆ ಚೀರುವಳು. ಅದೂ ಮಹಿಮೆಯಂತೆ! ನನಗೆ ಮೈ ಉರಿಯುತ್ತಿತ್ತು. ಎರಡು ವರ್ಷ ದಾಟಿದರೂ ಅವಳು 'ಅವ್ವ' ಅಂದಿರಲಿಲ್ಲ. ಏನನ್ನೂ ಬೆರಳು ಮಾಡಿ ತೋರಿಸಿರಲಿಲ್ಲ. ಅಕ್ಕಿಕಾಳು ಸಾಲಾಗಿ ಜೋಡಿಸುವಳು. ಒಂದು ಕಾಳು ಸರಿಸಿದರೆ ನೆಲಕ್ಕೆ ತಲೆ ಚಚ್ಚಿಕೊಳ್ಳುವಳು. ಬಾಗಿಲು ತೆರೆದರೆ ರಸ್ತೆಗೆ ಓಡುವಳೆಂದು ಹಗಲೆಲ್ಲ ಅಗಳಿ ಹಾಕಿಕೊಂಡು ಅವಳ ಜೊತೆ ಒಳಗೇ ಕೂತೆ. ಹೊರಗೆ ಅವಳಿಗೆ ಕೈಮುಗಿಯುವ ಜನ, ಒಳಗೆ ನನ್ನತ್ತ ನೋಡದ ಮಗಳು.

"ಡಾಕ್ಟರಿಗೆ ತೋರಿಸೂಣ್ರಿ" ಅಂದೆ ಗಂಡನಿಗೆ.

"ತಲಿ ಕೆಟ್ಟದೇನು? ದೇವರಂಥ ಕೂಸಿಗೆ ಸೂಜಿ ಚುಚ್ಚಸ್ತೀಯೇನು? ಅವ್ವ ಕೇಳಿದ್ರ ಎದಿ ಒಡಕೊಳ್ತಾಳ."

ದೇವದುರ್ಗಕ್ಕೆ, ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ರಾಯಚೂರಿನ ಬಸ್ಸು ಹತ್ತಿದೆ.

ಮಕ್ಕಳ ಡಾಕ್ಟರು ಅವಳ ಬೆನ್ನ ಹಿಂದೆ ಪೆಪ್ಪರಮೆಂಟಿನ ಕಾಗದ ಸರಪರ ಅನ್ನಿಸಿದರು. ಥಟ್ಟನೆ ತಿರುಗಿದಳು.

"ಕಿವಿ ಚಲೋ ಅವ. ನೀರು ಬೇಕಾದ್ರ ಏನ್ಮಾಡ್ತಾಳಮ್ಮ?"

ಹೇಳುವಾಗ ನನಗೆ ಹಿಗ್ಗೋ ಹಿಗ್ಗು. "ನನ್ನ ಮಣಿಕಟ್ಟು ಹಿಡದು ಎಳಕೊಂಡು ಹೋಗ್ತಾಳ್ರಿ. ಕೊಡದ ಮ್ಯಾಲ ನನ್ನ ಕೈ ಇಡ್ತಾಳ." ಅವಳಾಗಿಯೇ ನನ್ನನ್ನು ಮುಟ್ಟುವುದು ಅದೊಂದೇ ಹೊತ್ತು. ನನ್ನ ಲೆಕ್ಕದಲ್ಲಿ ಅದು ಪ್ರೀತಿ.

"ಆಗ ನಿಮ್ಮ ಮುಖ ನೋಡ್ತಾಳೇನು?"

ಇಲ್ಲ.

ಡಾಕ್ಟರು ಅದನ್ನೂ ಬರೆದುಕೊಂಡರು.

ಮುಖ ನೋಡದೆ ಹಾಗೆ ಕೈ ಹಿಡಿದು ಎಳೆಯುವುದೂ ಒಂದು ಲಕ್ಷಣವಂತೆ. ಆಟಿಸಂ. ನಾನು ಅವತ್ತೇ ಮೊದಲು ಕೇಳಿದ ಶಬ್ದ. ಇದಕ್ಕೆ ಗುಳಿಗೆ ಇಲ್ಲ, ಕಲಿಸಬೇಕು ಎಂದರು. ನಿಮ್ಮ ತಪ್ಪೇನೂ ಇಲ್ಲ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮನೆಗೆ ಬಂದು ಎಲ್ಲ ಹೇಳಿದೆ. ಮುಂದಿನ ಸೋಮವಾರ ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸಿದೆ. ಅವತ್ತಿನಿಂದ ಅತ್ತೆ ನನ್ನ ಕೈಯ ಊಟ ಬಿಟ್ಟಿದ್ದಾರೆ. ಬಿಡಲಿ.

ಈಗ ಗಿರಿಜೆ ನನ್ನ ಕೈಯನ್ನು ಕೊಡದ ಮೇಲಿಟ್ಟರೆ ತಕ್ಷಣ ನೀರು ಕೊಡುವುದಿಲ್ಲ. ಅವಳ ಎತ್ತರಕ್ಕೆ ಕೂತು, "ನೀರು" ಎಂದು ಹೇಳಿ ಕಾಯುತ್ತೇನೆ. ಡಾಕ್ಟರು ಹೇಳಿಕೊಟ್ಟದ್ದು ಹಾಗೆ. ಐದು ತಿಂಗಳಾಯಿತು. ಮಾತು ಬಂದಿಲ್ಲ, ಅಗಳಿ ತೆಗೆಯುವ ಧೈರ್ಯವೂ ನನಗೆ ಬಂದಿಲ್ಲ. ಮೊನ್ನೆ ಕಾದು ಕಾದು ಸಾಕಾಗಿ ಅವಳು ನನ್ನ ಕೈ ಬಿಟ್ಟು ತಲೆ ಎತ್ತಿದಳು. ನೇರ ನನ್ನ ಕಣ್ಣನ್ನೇ ನೋಡಿದಳು. ಅಬ್ಬಾ, ಎಂಥ ಸಿಟ್ಟು!

ಸಿಟ್ಟೇ ಇರಲಿ. ನನ್ನ ಮೇಲೆ ತಾನೇ.